ಇರುಳಿನಲ್ಲಿ ಚಂಡಮಾರುತದ ಜಾಡು: ಕೊಡಗಿನ ಗ್ರಾಮ ಪಂಚಾಯಿತಿಗಳಿಗೆ ಅಧ್ಯಯನ ಪಾಠ

ಪಾಠದ ಉದ್ದೇಶ

ಸಮುದ್ರದ ಮೇಲಿನ ಚಂಡಮಾರುತವು ಕರಾವಳಿಯನ್ನು ಸಮೀಪಿಸುವ ರಾತ್ರಿ ಹವಾಮಾನ ಇಲಾಖೆಯ ಪ್ರಕಟಣೆಗಳನ್ನು ಓದುವ ಕ್ರಮ, ಅದರ ಚಲನೆಯನ್ನು ನಕ್ಷೆಯಲ್ಲಿ ಗುರುತಿಸುವ ವಿಧಾನ ಹಾಗೂ ಆ ಮಾಹಿತಿಯ ಆಧಾರದಲ್ಲಿ ಗ್ರಾಮ ಮಟ್ಟದಲ್ಲಿ ಸಕಾಲದಲ್ಲಿ ನಿರ್ಣಯ ಕೈಗೊಳ್ಳುವ ಬಗೆಯನ್ನು ತಿಳಿಸುವುದು ಈ ಪಾಠದ ಉದ್ದೇಶ. ಗ್ರಾಮ ಪಂಚಾಯಿತಿ ಸದಸ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಶಿಕ್ಷಕರು, ಆಶಾ ಕಾರ್ಯಕರ್ತೆಯರು ಮತ್ತು ಸ್ವಸಹಾಯ ಸಂಘಗಳ ಸದಸ್ಯರು ಇದನ್ನು ಒಟ್ಟಾಗಿ ಓದಿ ಚರ್ಚಿಸಬಹುದು.

1. ಕರಾವಳಿಯಿಲ್ಲದ ಜಿಲ್ಲೆಗೆ ಈ ಪಾಠವೇಕೆ?

ಕೊಡಗಿಗೆ ಕಡಲತೀರವಿಲ್ಲ. ಆದರೆ ಅರಬ್ಬೀ ಸಮುದ್ರದಿಂದ ಬರುವ ತೇವಭರಿತ ಗಾಳಿಗೆ ಮೊದಲು ಎದುರಾಗುವ ಎತ್ತರದ ಗೋಡೆ ಪಶ್ಚಿಮಘಟ್ಟ; ಆ ಗೋಡೆಯ ಮೇಲೆಯೇ ಜಿಲ್ಲೆಯ ಬಹುಭಾಗ ನೆಲೆಸಿದೆ. 2021ರ ಮೇ 14ರಂದು ಲಕ್ಷದ್ವೀಪದ ಬಳಿ ವಾಯುಭಾರ ಕುಸಿತವಾಗಿ ರೂಪುಗೊಂಡ ವ್ಯವಸ್ಥೆಯು ಮರುದಿನ ‘ತೌಕ್ತೆ’ ಚಂಡಮಾರುತವಾಯಿತು. ಅದು ಕರ್ನಾಟಕದ ತೀರವನ್ನು ದಾಟಲೇ ಇಲ್ಲ. ತೀರಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಉತ್ತರಾಭಿಮುಖವಾಗಿ ಸಾಗಿ, ಮೇ 17ರ ರಾತ್ರಿ ದೀವ್‌ನ ಪೂರ್ವಕ್ಕೆ ಗುಜರಾತಿನ ಸೌರಾಷ್ಟ್ರ ತೀರವನ್ನು ದಾಟಿತು. ಹಾಗಿದ್ದರೂ ರಾಜ್ಯದ ಮೂರು ಕರಾವಳಿ ಜಿಲ್ಲೆಗಳ ಜೊತೆಗೆ ಕೊಡಗು ಸೇರಿದಂತೆ ಮಲೆನಾಡಿನ ಜಿಲ್ಲೆಗಳೂ ಅದರ ಗಾಳಿಮಳೆಗೆ ತುತ್ತಾದವು.

ಅಪಾಯವು ಪೂರ್ವದಿಂದಲೂ ಬರಬಹುದು. ಬಂಗಾಳ ಕೊಲ್ಲಿಯ ‘ಫೆಂಗಲ್’ ಚಂಡಮಾರುತವು 2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಸಮೀಪ ತೀರವನ್ನು ದಾಟಿ, ಅಲ್ಲಿಯೇ ಹಲವು ಗಂಟೆ ನಿಂತುಬಿಟ್ಟಿತು. ಅದು ದುರ್ಬಲಗೊಂಡು ಪಶ್ಚಿಮಕ್ಕೆ ಸರಿದಾಗ ಡಿಸೆಂಬರ್ ಮೊದಲ ವಾರದಲ್ಲಿ ಕೊಡಗಿನಲ್ಲಿಯೂ ಮಳೆ ಸುರಿಯಿತು. ಅದು ಅರೇಬಿಕಾ ಕಾಫಿಯ ಕೊಯ್ಲಿನ ಕಾಲ. ಕಣದಲ್ಲಿ ಒಣಗಲು ಹರಡಿದ ಕಾಫಿಯೂ ಕೊಯ್ದ ಭತ್ತವೂ ಒಂದೇ ರಾತ್ರಿಯ ಮಳೆಗೆ ಕೆಡಬಲ್ಲವು.

2. ದರ್ಜೆಗಳನ್ನು ಅರಿಯುವುದು

ಅಟ್ಲಾಂಟಿಕ್ ಸಾಗರದಲ್ಲಿ ಹರಿಕೇನ್, ಪಶ್ಚಿಮ ಪೆಸಿಫಿಕ್‌ನಲ್ಲಿ ಟೈಫೂನ್, ನಮ್ಮಲ್ಲಿ ಚಂಡಮಾರುತ. ಹೆಸರು ಬೇರೆಯಾದರೂ ವಿದ್ಯಮಾನ ಒಂದೇ. ಭಾರತ ಹವಾಮಾನ ಇಲಾಖೆಯು ಸತತ ಗಾಳಿಯ ವೇಗವನ್ನು ಆಧರಿಸಿ ದರ್ಜೆಗಳನ್ನು ನಿಗದಿಪಡಿಸಿದೆ (ಗಂಟೆಗೆ ಕಿ.ಮೀ.ಗಳಲ್ಲಿ):

ವಾಯುಭಾರ ಕುಸಿತ: 31–49
ತೀವ್ರ ವಾಯುಭಾರ ಕುಸಿತ: 50–61
ಚಂಡಮಾರುತ: 62–88
ತೀವ್ರ ಚಂಡಮಾರುತ: 89–117
ಅತಿ ತೀವ್ರ ಚಂಡಮಾರುತ: 118–167
ಅತ್ಯಂತ ತೀವ್ರ ಚಂಡಮಾರುತ: 168–221
ಸೂಪರ್ ಚಂಡಮಾರುತ: 222 ಮತ್ತು ಅಧಿಕ

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಭಾರತದಲ್ಲಿ 3 ನಿಮಿಷಗಳ ಸರಾಸರಿ ವೇಗವನ್ನೂ ಅಮೆರಿಕದ ಸಂಸ್ಥೆಗಳು 1 ನಿಮಿಷದ ಸರಾಸರಿಯನ್ನೂ ಪರಿಗಣಿಸುವುದರಿಂದ, ವಿದೇಶಿ ಮೂಲಗಳ ಅಂಕಿಗಳು ಸಾಮಾನ್ಯವಾಗಿ ಹೆಚ್ಚಾಗಿ ಕಾಣುತ್ತವೆ. ಎರಡನ್ನೂ ಬೆರೆಸಿ ಓದಬಾರದು. ಎರಡನೆಯದಾಗಿ, ದರ್ಜೆಯು ಗಾಳಿಯ ಅಳತೆಯೇ ಹೊರತು ಮಳೆಯ ಅಳತೆಯಲ್ಲ. 2018ರ ಆಗಸ್ಟ್ ಮಧ್ಯಭಾಗದಲ್ಲಿ ಮಕ್ಕಂದೂರು, ಹೆಬ್ಬೆಟ್ಟಗೇರಿ, ಮೊಣ್ಣಂಗೇರಿ, ಜೋಡುಪಾಲ ಮುಂತಾದೆಡೆ ಬೆಟ್ಟಗಳು ಜರಿದಾಗ ಯಾವುದೇ ಹೆಸರಾಂತ ಚಂಡಮಾರುತವಿರಲಿಲ್ಲ. ದೂರದ ಒಡಿಶಾ ತೀರದ ಬಳಿಯಿದ್ದ ವಾಯುಭಾರ ಕುಸಿತವು ಮುಂಗಾರು ಗಾಳಿಯನ್ನು ಬಲಪಡಿಸಿತ್ತು. ಆದ್ದರಿಂದ ‘ಬರೀ ವಾಯುಭಾರ ಕುಸಿತ’ ಎಂಬ ಮಾತು ಘಟ್ಟದ ಜನರಿಗೆ ಸಮಾಧಾನದ ಮಾತಲ್ಲ.

3. ಕತ್ತಲಿನಲ್ಲಿ ನೋಡುವ ಸಾಧನಗಳು

ಸಾಧಾರಣ ಬೆಳಕಿನ ಉಪಗ್ರಹ ಚಿತ್ರಗಳು ಸೂರ್ಯಾಸ್ತದ ನಂತರ ದೊರೆಯುವುದಿಲ್ಲ. ಆಗ ಇನ್ಸಾಟ್ ಉಪಗ್ರಹಗಳ ಅವಗೆಂಪು ಚಿತ್ರಗಳೇ ಆಧಾರ. ಅವು ಮೋಡದ ಮೇಲ್ಭಾಗದ ಉಷ್ಣತೆಯನ್ನು ಅಳೆಯುತ್ತವೆ. ಮೋಡವು ಎತ್ತರಕ್ಕೇರಿದಷ್ಟೂ ಅದರ ನೆತ್ತಿ ತಣ್ಣಗಿರುತ್ತದೆ. ಚಿತ್ರದಲ್ಲಿ ಅತಿ ಶೀತಲವಾಗಿ ಕಾಣುವ ಭಾಗವು ದಟ್ಟ ಮೋಡದ ಸೂಚನೆ. ಮೋಡಗಳ ಸುರುಳಿಯ ಆಕಾರವನ್ನು ಪರಿಶೀಲಿಸಿ ಗಾಳಿಯ ಬಲವನ್ನು ಅಂದಾಜಿಸುವ ಡ್ವೊರಾಕ್ ವಿಧಾನವು 1970ರ ದಶಕದಿಂದ ಬಳಕೆಯಲ್ಲಿದೆ.

ಚಂಡಮಾರುತವು ತೀರಕ್ಕೆ ಸುಮಾರು 250 ಕಿ.ಮೀ. ಸಮೀಪಿಸಿದಾಗ ಡಾಪ್ಲರ್ ರೇಡಾರ್ ಸ್ಪಷ್ಟ ವಿವರ ನೀಡತೊಡಗುತ್ತದೆ. ಅದು ಮಳೆಹನಿಗಳ ಸಾಂದ್ರತೆಯನ್ನಷ್ಟೇ ಅಲ್ಲದೆ ಅವು ಚಲಿಸುವ ವೇಗವನ್ನೂ ತಿಳಿಸುತ್ತದೆ. ಆದರೆ ರೇಡಾರ್ ಕಿರಣವನ್ನು ಬೆಟ್ಟಗಳು ತಡೆಯುತ್ತವೆ. ಕಣಿವೆಯಲ್ಲಿ ಸುರಿಯುವ ಮಳೆಯು ಚಿತ್ರದಲ್ಲಿ ಕಾಣದೆಯೂ ಇರಬಹುದು. ಈ ಕೊರತೆಯನ್ನು ತುಂಬುವುದು ನೆಲದ ಮೇಲಿನ ಮಳೆಮಾಪಕವೇ.

4. ಪ್ರಕಟಣೆಯ ಗಡಿಯಾರ

ಎಚ್ಚರಿಕೆಗಳು ನಾಲ್ಕು ಹಂತಗಳಲ್ಲಿ ಹೊರಡುತ್ತವೆ. ಸುಮಾರು 72 ಗಂಟೆ ಮುಂಚಿತವಾಗಿ ಪೂರ್ವಸೂಚನೆ, ಕನಿಷ್ಠ 48 ಗಂಟೆ ಮುಂಚಿತವಾಗಿ ಜಾಗೃತಿ ಸೂಚನೆ, ಕನಿಷ್ಠ 24 ಗಂಟೆ ಮುಂಚಿತವಾಗಿ ಎಚ್ಚರಿಕೆ, ಸುಮಾರು 12 ಗಂಟೆ ಮುಂಚಿತವಾಗಿ ತೀರ ದಾಟಿದ ನಂತರದ ಸ್ಥಿತಿಯ ಮುನ್ನೋಟ. ನಾಲ್ಕನೆಯ ಹಂತವು ಒಳನಾಡಿನ ಜಿಲ್ಲೆಗಳಿಗೆಂದೇ ಇರುವುದರಿಂದ ಕೊಡಗಿನವರು ಅದನ್ನು ವಿಶೇಷವಾಗಿ ಗಮನಿಸಬೇಕು.

ಚಂಡಮಾರುತವಿರುವಾಗ ಪ್ರತಿ 3 ಗಂಟೆಗೊಮ್ಮೆ ವೀಕ್ಷಣೆ ನಡೆಯುತ್ತದೆ: ಬೆಳಗಿನ 5.30, 8.30, 11.30, ಮಧ್ಯಾಹ್ನ 2.30, ಸಂಜೆ 5.30, ರಾತ್ರಿ 8.30, 11.30 ಮತ್ತು 2.30. ತೀರ ತೀರಾ ಸಮೀಪವಾದಾಗ ಗಂಟೆಗೊಮ್ಮೆ ಸ್ಥಾನವನ್ನು ತಿಳಿಸಲಾಗುತ್ತದೆ. ಪೂರ್ಣ ಪ್ರಕಟಣೆಯು ವೀಕ್ಷಣೆಯ ನಂತರ ಎರಡು-ಮೂರು ಗಂಟೆಗಳಲ್ಲಿ ಹೊರಬರುತ್ತದೆ. ಆದ್ದರಿಂದ ಪ್ರಕಟಣೆ ಕೈಸೇರಿದ ಸಮಯವನ್ನಲ್ಲ, ಅದರೊಳಗೆ ನಮೂದಿಸಿದ ವೀಕ್ಷಣೆಯ ಸಮಯವನ್ನು ಬರೆದುಕೊಳ್ಳಬೇಕು. ಇಲ್ಲವಾದರೆ ಹಳೆಯ ಸ್ಥಾನವನ್ನೇ ಈಗಿನ ಸ್ಥಾನವೆಂದು ಭ್ರಮಿಸುವಂತಾಗುತ್ತದೆ.

ಈ ಗಡಿಯಾರದಿಂದ ಒಂದು ಮುಖ್ಯ ಅಂಶ ಹೊಮ್ಮುತ್ತದೆ. ಹಗಲು ಬೆಳಕಿರುವಾಗಲೇ ಕೈಸೇರುವ ಕೊನೆಯ ಪ್ರಕಟಣೆಯು ಮಧ್ಯಾಹ್ನ 2.30ರ ವೀಕ್ಷಣೆಯದು. ಸಂಜೆ 5.30ರ ವೀಕ್ಷಣೆಯ ವಿವರ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಜನರನ್ನು ಸ್ಥಳಾಂತರಿಸುವ ನಿರ್ಣಯವನ್ನು ಮಧ್ಯಾಹ್ನದ ಪ್ರಕಟಣೆಯ ಮೇಲೆಯೇ ಕೈಗೊಳ್ಳಬೇಕು.

5. ನಕ್ಷೆಯ ಮೇಲೆ ಗುರುತು: ಅಭ್ಯಾಸ

ಅಕ್ಷಾಂಶ, ರೇಖಾಂಶಗಳಿರುವ ಶಾಲಾ ಭೂಪಟ, ಪೆನ್ಸಿಲ್ ಮತ್ತು ಅಳತೆಪಟ್ಟಿ ಸಾಕು. ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿ.ಮೀ.; ಕೊಡಗಿನ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 109 ಕಿ.ಮೀ. ಮಡಿಕೇರಿಯ ಸ್ಥಾನ ಸುಮಾರು 12.4 ಡಿಗ್ರಿ ಉತ್ತರ, 75.7 ಡಿಗ್ರಿ ಪೂರ್ವ.

ಅಭ್ಯಾಸಕ್ಕಾಗಿ ಒಂದು ಕಲ್ಪಿತ ಚಂಡಮಾರುತವನ್ನು ತೆಗೆದುಕೊಳ್ಳೋಣ. ರಾತ್ರಿ 8.30ಕ್ಕೆ ಅದರ ಕೇಂದ್ರ 12.0 ಉತ್ತರ, 72.5 ಪೂರ್ವ, 11.30ಕ್ಕೆ 12.4 ಉತ್ತರ, 72.5 ಪೂರ್ವ. ಮೂರು ಗಂಟೆಗಳಲ್ಲಿ 0.4 ಡಿಗ್ರಿ, ಅಂದರೆ ಸುಮಾರು 44 ಕಿ.ಮೀ. ಚಲನೆ, ಗಂಟೆಗೆ ಸುಮಾರು 15 ಕಿ.ಮೀ. ಈಗ ಅದು ಮಡಿಕೇರಿಯ ನೇರ ಪಶ್ಚಿಮಕ್ಕೆ ಸುಮಾರು 350 ಕಿ.ಮೀ. ದೂರದಲ್ಲಿದೆ. ಇದೇ ವೇಗದಲ್ಲಿ ಉತ್ತರಕ್ಕೆ ಸಾಗಿದರೆ ಮರುದಿನ ಮಧ್ಯಾಹ್ನ 3 ಗಂಟೆಯ ಸುಮಾರಿಗೆ ಗೋವಾದ ನೈಋತ್ಯಕ್ಕೆ, 14.5 ಉತ್ತರದ ಬಳಿ ಇರುತ್ತದೆ. ಆಗ ಮಡಿಕೇರಿಯಿಂದ ದೂರ ಸುಮಾರು 420 ಕಿ.ಮೀ.

ಪ್ರಕಟಣೆಯ ನಕ್ಷೆಯಲ್ಲಿ ಮುಂದಿನ ಪಥದ ಸುತ್ತ ಕಾಣುವ ಶಂಕುವಿನ ಆಕಾರವು ಚಂಡಮಾರುತದ ಗಾತ್ರವನ್ನು ಸೂಚಿಸುವುದಿಲ್ಲ. ಕೇಂದ್ರವು ಎಲ್ಲೆಲ್ಲಿ ಸಾಗಬಹುದೆಂಬ ಸಾಧ್ಯತೆಯ ವ್ಯಾಪ್ತಿಯದು. 24 ಗಂಟೆಗಳ ಮುನ್ಸೂಚನೆಯಲ್ಲೂ ಸರಾಸರಿ 70–80 ಕಿ.ಮೀ.ಗಳ ವ್ಯತ್ಯಾಸ ಸಹಜ. ಮಳೆಯೂ ಗಾಳಿಯೂ ಶಂಕುವಿನ ಹೊರಗೂ ಬಹುದೂರ ಹಬ್ಬಿರುತ್ತವೆ.

ಬಲವೂ ರಾತ್ರಿಯೊಳಗೆ ಬದಲಾಗಬಹುದು. 2017ರ ನವೆಂಬರ್ 29ರಂದು ವಾಯುಭಾರ ಕುಸಿತವಾಗಿದ್ದ ವ್ಯವಸ್ಥೆ 30ರಂದು ಕನ್ಯಾಕುಮಾರಿಯ ಬಳಿ ‘ಒಖಿ’ ಚಂಡಮಾರುತವಾಯಿತು. ಮೊದಲೇ ಕಡಲಿಗಿಳಿದಿದ್ದ ಮೀನುಗಾರರು ಅದರಲ್ಲಿ ಸಿಲುಕಿದರು.

6. ಕೇಂದ್ರ ದಾಟಿಹೋದ ಮೇಲೂ ಮಳೆ ಏಕೆ?

ಉತ್ತರ ಗೋಳಾರ್ಧದಲ್ಲಿ ಚಂಡಮಾರುತದ ಗಾಳಿಯು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತದೆ. ಮೇಲಿನ ಅಭ್ಯಾಸದ ಚಂಡಮಾರುತವು ಕೊಡಗಿನ ನೈಋತ್ಯದಲ್ಲಿರುವಾಗ ಇಲ್ಲಿನ ಗಾಳಿ ಆಗ್ನೇಯದಿಂದ, ನೇರ ಪಶ್ಚಿಮದಲ್ಲಿರುವಾಗ ದಕ್ಷಿಣದಿಂದ, ಗೋವಾದತ್ತ ಸರಿದಾಗ ನೈಋತ್ಯದಿಂದ ಬೀಸುತ್ತದೆ. ಘಟ್ಟಕ್ಕೆ ಎದುರಾಗಿ ಅಪ್ಪಳಿಸುವುದು ಕೊನೆಯ ಗಾಳಿಯೇ. ಅದು ಕಡಲಿನ ತೇವವನ್ನು ಹೊತ್ತು ತಂದು ಬೆಟ್ಟವೇರಿ, ತಣಿದು, ಮಳೆಯಾಗಿ ಸುರಿಯುತ್ತದೆ.

ಅಂದರೆ ಚಂಡಮಾರುತವು ದೂರ ಸರಿಯುತ್ತಿರುವಾಗಲೇ ಕೊಡಗಿನ ಮಳೆ ಹೆಚ್ಚಬಹುದು. 2021ರ ಮೇ 16ರ ಬೆಳಗಿನ 5.30ಕ್ಕೆ ತೌಕ್ತೆಯ ಕೇಂದ್ರವು ಪಣಜಿಯಿಂದ ಸುಮಾರು 130 ಕಿ.ಮೀ. ದೂರದ ಕಡಲಿನಲ್ಲಿತ್ತು, ಅಕ್ಷಾಂಶದ ಲೆಕ್ಕದಲ್ಲಿ ಅದು ಕೊಡಗನ್ನು ದಾಟಿಯಾಗಿತ್ತು. ಇಂತಹ ಸ್ಥಿತಿಯಲ್ಲಿ ‘ದಾಟಿ ಹೋಯಿತು’ ಎಂಬ ಸುದ್ದಿ ಕೇಳಿ ಆಶ್ರಯ ಕೇಂದ್ರದಿಂದ ಜನರನ್ನು ಮನೆಗೆ ಕಳುಹಿಸುವುದು ಅಪಾಯಕರ. ಕರಾವಳಿಯವರು ಕೇಳಬೇಕಾದ ಪ್ರಶ್ನೆ ‘ಕೇಂದ್ರ ಎಲ್ಲಿ ದಾಟುತ್ತದೆ?’ ಎಂಬುದು, ಕೊಡಗಿನವರು ಕೇಳಬೇಕಾದದ್ದು ‘ಪಶ್ಚಿಮದ ಗಾಳಿ ಎಷ್ಟು ಹೊತ್ತು ಬೀಸುತ್ತದೆ, ನೆಲ ಈಗಾಗಲೇ ಎಷ್ಟು ನೆನೆದಿದೆ?’ ಎಂಬುದು.

7. ಇಂಚು, ಮಿಲಿಮೀಟರ್ ಮತ್ತು ಇಳಿಜಾರು

ಜಿಲ್ಲೆಯ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ಬರೆದಿಡುವ ಪದ್ಧತಿಯಿದೆ. ಇಲಾಖೆಯ ಪ್ರಕಟಣೆಗಳು ಮಿ.ಮೀ.ಗಳಲ್ಲಿರುತ್ತವೆ. 1 ಇಂಚು ಎಂದರೆ 25.4 ಮಿ.ಮೀ. ದಿನವೊಂದಕ್ಕೆ 64.5 ಮಿ.ಮೀ. (ಸುಮಾರು ಎರಡೂವರೆ ಇಂಚು) ದಾಟಿದರೆ ಭಾರಿ ಮಳೆ, 115.6 ಮಿ.ಮೀ. (ಸುಮಾರು ನಾಲ್ಕೂವರೆ ಇಂಚು) ಮುಟ್ಟಿದರೆ ಅತಿ ಭಾರಿ ಮಳೆ, 204.4 ಮಿ.ಮೀ. (ಸುಮಾರು ಎಂಟು ಇಂಚು) ಮೀರಿದರೆ ಅತ್ಯಂತ ಭಾರಿ ಮಳೆ. ಹಳದಿ ಬಣ್ಣವು ಗಮನಿಸಿರಿ ಎಂದೂ, ಕಿತ್ತಳೆಯು ಸಿದ್ಧರಾಗಿರಿ ಎಂದೂ, ಕೆಂಪು ಕ್ರಮ ಕೈಗೊಳ್ಳಿರಿ ಎಂದೂ ಸೂಚಿಸುತ್ತವೆ.

ಇಳಿಜಾರು ಒಂದು ದಿನದ ಮಳೆಯನ್ನಷ್ಟೇ ಲೆಕ್ಕ ಹಿಡಿಯುವುದಿಲ್ಲ. ಹಲವು ದಿನಗಳ ನೀರು ಮಣ್ಣಿನಲ್ಲಿ ಇಂಗಿರುವಾಗ ಸಾಧಾರಣ ಮಳೆಯೂ ಬರೆಯನ್ನು ಕೆಡವಬಲ್ಲದು. ಮನೆ, ರಸ್ತೆಗಳಿಗಾಗಿ ಬುಡ ಕಡಿದ ಬರೆಗಳು ಇನ್ನೂ ದುರ್ಬಲ. 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದು ಜೀವಹಾನಿಯಾದದ್ದು ಜನರು ಮನೆಯೊಳಗಿದ್ದ ರಾತ್ರಿಯ ಹೊತ್ತಿನಲ್ಲಿ ಎಂಬುದನ್ನು ಮರೆಯಬಾರದು.

ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ವಿದ್ಯುತ್ ಕಂಬ, ಒಮ್ಮೆಲೇ ಕೆಂಪಾದ ಒರತೆಯ ನೀರು, ಬಿಗಿದುಕೊಂಡ ಬಾಗಿಲು, ಮಳೆ ಸುರಿಯುತ್ತಿದ್ದರೂ ತೋಡಿನ ನೀರು ಹಠಾತ್ತಾಗಿ ಇಳಿಯುವುದು, ಬೆಟ್ಟದೊಳಗಿನ ಗುಡುಗಿನಂತಹ ಸದ್ದು: ಇವುಗಳಲ್ಲಿ ಒಂದು ಕಂಡರೂ ಮುಂದಿನ ಪ್ರಕಟಣೆಗಾಗಿ ಕಾಯದೆ ಮನೆ ಬಿಡತಕ್ಕದ್ದು.

8. ಆ ರಾತ್ರಿಯ ಕ್ರಮ

ಮಧ್ಯಾಹ್ನ: 2.30ರ ವೀಕ್ಷಣೆಯ ಪ್ರಕಟಣೆ ದೊರೆತೊಡನೆ ಸ್ಥಾನ ಗುರುತಿಸಿ, ಕಳೆದ ಮೂರು ದಿನಗಳ ಮಳೆಯನ್ನು ಕೂಡಿಸಬೇಕು. ಬರೆಯ ಕೆಳಗಿನ ಮನೆಗಳು, ತೋಟದ ಲೈನ್ ಮನೆಗಳು ಹಾಗೂ ಹೊಳೆದಂಡೆಯ ಮನೆಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ನಿರ್ಣಯಿಸಬೇಕು. ಹೊರಜಿಲ್ಲೆ, ಹೊರರಾಜ್ಯಗಳಿಂದ ಬಂದ ಕಾರ್ಮಿಕರಿಗೆ ಅವರ ಭಾಷೆಯಲ್ಲಿ ತಿಳಿಸುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು.

ಸಂಜೆ: ಗರ್ಭಿಣಿಯರು, ವೃದ್ಧರು, ಹಾಸಿಗೆ ಹಿಡಿದವರನ್ನು ಮೊದಲು ಸ್ಥಳಾಂತರಿಸಬೇಕು. ಮರ ಬಿದ್ದು ತಂತಿ ತುಂಡಾದರೆ ವಿದ್ಯುತ್ ಹೋಗುತ್ತದೆ. ಬಳಿಕ ಮೊಬೈಲ್ ಗೋಪುರವೂ ಮೌನವಾಗಬಹುದು. ಆದ್ದರಿಂದ ಫೋನ್, ಟಾರ್ಚ್‌ಗಳನ್ನು ತುಂಬಿಸಿಟ್ಟು, ಬ್ಯಾಟರಿ ರೇಡಿಯೋ ಸಿದ್ಧವಿಡಬೇಕು.

ರಾತ್ರಿ: ಇಬ್ಬರು ಸರದಿಯಂತೆ ಎಚ್ಚರವಿದ್ದು, ಒಬ್ಬರು ಪ್ರಕಟಣೆಯನ್ನೂ ಇನ್ನೊಬ್ಬರು ಮಳೆಮಾಪಕವನ್ನೂ ಗಮನಿಸಬೇಕು. ಗ್ರಾಮ ಪಂಚಾಯಿತಿ ಮಟ್ಟದ ಸ್ವಯಂಚಾಲಿತ ಮಳೆಮಾಪಕಗಳ ವಿವರ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಲಭ್ಯ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಬಣ್ಣಬಣ್ಣದ ಚಲಿಸುವ ನಕ್ಷೆಗಳು ಬಹುಪಾಲು ಗಣಕದ ಅಂದಾಜುಗಳೇ ಹೊರತು ವೀಕ್ಷಣೆಗಳಲ್ಲ. ದಿನಾಂಕ, ಸಮಯವಿಲ್ಲದ ಯಾವ ಸಂದೇಶವನ್ನೂ ಮುಂದಕ್ಕೆ ಕಳುಹಿಸಬಾರದು. ತುರ್ತು ಸಂದರ್ಭದಲ್ಲಿ ಜಿಲ್ಲಾ ನಿಯಂತ್ರಣ ಕೊಠಡಿಯ 1077 ಅಥವಾ 112ಕ್ಕೆ ಕರೆ ಮಾಡಬೇಕು.

ಬೆಳಗ್ಗೆ: ಮಳೆ ನಿಂತರೂ ಇಳಿಜಾರಿನಲ್ಲಿ ಬಿರುಕುಗಳನ್ನು ಪರಿಶೀಲಿಸಿದ ಬಳಿಕವೇ ಜನರು ಮನೆಗೆ ಮರಳಬೇಕು. ತುಂಡಾದ ತಂತಿಯನ್ನು ಮುಟ್ಟಬಾರದು.

9. ಚರ್ಚೆಗೆ ಪ್ರಶ್ನೆಗಳು

(ಅ) ರಾತ್ರಿ 10.45ಕ್ಕೆ ಕೈಸೇರಿದ ಪ್ರಕಟಣೆಯು ಯಾವ ವೀಕ್ಷಣೆಯದಾಗಿರಬಹುದು? ಅಷ್ಟರೊಳಗೆ ಗಂಟೆಗೆ 15 ಕಿ.ಮೀ. ವೇಗದ ಚಂಡಮಾರುತ ಎಷ್ಟು ದೂರ ಸಾಗಿರುತ್ತದೆ?
(ಆ) ಮೂರು ದಿನ ತಲಾ ಮೂರು ಇಂಚು ಮಳೆಯಾದ ಗ್ರಾಮಕ್ಕೆ ಹಳದಿ ಸೂಚನೆ ಬಂದರೆ, ಯಾವ ಮನೆಗಳ ಬಗ್ಗೆ ಮೊದಲು ಯೋಚಿಸಬೇಕು?
(ಇ) ವಿದ್ಯುತ್ತೂ ಮೊಬೈಲ್ ಸಂಪರ್ಕವೂ ಇಲ್ಲದ ರಾತ್ರಿ ನಿಮ್ಮ ವಾರ್ಡಿನ ಕೊನೆಯ ಮನೆಗೆ ಸುದ್ದಿ ಮುಟ್ಟಿಸುವವರು ಯಾರು?

1999ರ ಅಕ್ಟೋಬರ್‌ನ ಸೂಪರ್ ಚಂಡಮಾರುತದಲ್ಲಿ ಒಡಿಶಾ ಸುಮಾರು 10,000 ಜನರನ್ನು ಕಳೆದುಕೊಂಡಿತು. 2013ರ ಅಕ್ಟೋಬರ್ 12ರ ರಾತ್ರಿ ‘ಫೈಲಿನ್’ ಗೋಪಾಲಪುರದ ಬಳಿ ತೀರ ದಾಟುವ ಮೊದಲು ಸುಮಾರು 10 ಲಕ್ಷ ಜನರನ್ನು ಸ್ಥಳಾಂತರಿಸಲಾಗಿತ್ತು. ಸಾವಿನ ಸಂಖ್ಯೆ ಕೆಲವು ಡಜನ್‌ಗಳಿಗೆ ಸೀಮಿತವಾಯಿತು. ಈ ನಡುವಿನ ವರ್ಷಗಳಲ್ಲಿ ಮುನ್ಸೂಚನೆ ಸುಧಾರಿಸಿತ್ತು, ಅದು ಕೊನೆಯ ಮನೆಯವರೆಗೆ ತಲುಪುತ್ತಿತ್ತು, ಜನರು ಕತ್ತಲಾಗುವ ಮೊದಲೇ ಹೊರಟಿದ್ದರು. ಕೊನೆಯ ಎರಡು ಕೆಲಸಗಳು ಪ್ರತಿ ಗ್ರಾಮ ಪಂಚಾಯಿತಿಯ ಕೈಯಲ್ಲಿಯೇ ಇವೆ. ಮೇಲಿನ ಮೂರನೆಯ ಪ್ರಶ್ನೆಗೆ ಪ್ರತಿ ವಾರ್ಡಿನಲ್ಲಿಯೂ ಒಂದು ಹೆಸರನ್ನು ನಿಗದಿಪಡಿಸಿ, ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳುವುದು ಅಪೇಕ್ಷಣೀಯ.