ಮೋಟಾರು ಗಾಡಿಯ ರೂಪವೂ ಮೈಸೂರಿಗೆ ಬಾರದೆ ಹೋದ ಕಾರ್ಖಾನೆಯೂ

ನಮ್ಮ ಶಾಲೆಯ ಎಂಟನೆಯ ತರಗತಿಯ ಬಾಲಿಕೆಯರಿಗೆ ಚಿತ್ರಕಲೆಯ ವೇಳೆಯಲ್ಲಿ ಒಂದು ಮೋಟಾರು ಗಾಡಿಯನ್ನು ಬರೆಯಿರೆಂದು ಹೇಳಿದೆವು. ಬಹುಮಂದಿ ಬರೆದುದು ಮುಂದೊಂದು ಪೆಟ್ಟಿಗೆ, ನಡುವೆ ಎತ್ತರವಾದ ಪೆಟ್ಟಿಗೆ, ಹಿಂದೆ ಮತ್ತೊಂದು ಪೆಟ್ಟಿಗೆ, ಹೀಗೆ ಮೂರನ್ನು ಜೋಡಿಸಿದ ಆಕೃತಿಯನ್ನು. ರಾಜಾಜಿನಗರದ ರಸ್ತೆಗಳಲ್ಲಿ ಅವರು ದಿನವೂ ಕಾಣುವ ಗಾಡಿಗಳಲ್ಲಿ ಹಿಂದಿನ ಪೆಟ್ಟಿಗೆಯೇ ಇಲ್ಲದವು ಎಷ್ಟೋ ಇವೆ. ಆದರೂ ಕೈಗೆ ಬಂದುದು ಅಜ್ಜನ ಕಾಲದ ರೂಪವೇ. ಈ ರೂಪವು ಯಂತ್ರದೊಡನೆ ತಾನಾಗಿ ಹುಟ್ಟಿದ್ದಲ್ಲ. ಯಾರೋ ಕುಳಿತು ಆಲೋಚಿಸಿ, ಯಾರೊಡನೆಯೋ ವಾದಿಸಿ ನಿರ್ಣಯಿಸಿದ್ದು. ಆ ಚರಿತ್ರೆಯನ್ನು ಅಮೆರಿಕಾ ದೇಶದ ಕ್ರೈಸ್ಲರ್ ಕಂಪೆನಿಯ ಉದಾಹರಣೆಯಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದಿಡಲು ಬಯಸುತ್ತೇವೆ. ಈ ಕಂಪೆನಿಯನ್ನೇ ಆರಿಸಿದುದಕ್ಕೆ ಕಾರಣವುಂಟು. ಅದು ನಮ್ಮ ನಾಡಿನ ಬಾಗಿಲವರೆಗೆ ಬಂದು ಹಿಂದಿರುಗಿದ ಕಂಪೆನಿ.

ವಾಲ್ಟರ್ ಕ್ರೈಸ್ಲರನು ರೈಲ್ವೆ ಕಾರ್ಯಾಗಾರದಲ್ಲಿ ಕೆಲಸ ಕಲಿತವನು. ೧೯೦೮ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಕಂಡ ಒಂದು ಗಾಡಿಯನ್ನು ಸಾಲಮಾಡಿ ೫,೦೦೦ ಡಾಲರಿಗೆ ಕೊಂಡು, ಅದನ್ನು ಓಡಿಸುವುದಕ್ಕೆ ಮೊದಲು ಕೊಟ್ಟಿಗೆಯಲ್ಲಿ ಬಿಚ್ಚಿ ಹರಡಿ ಮತ್ತೆ ಜೋಡಿಸಿದನಂತೆ. ಆತನ ಹೆಂಡತಿ ಏನೆಂದಳೋ ತಿಳಿಯದು! ೧೯೨೫ರಲ್ಲಿ ಆತನು ತನ್ನ ಹೆಸರಿನ ಕಂಪೆನಿಯನ್ನು ಸ್ಥಾಪಿಸಿದನು. ಆ ಕಾಲಕ್ಕೆ ಗಾಡಿಯ ಮೈಕಟ್ಟು ಕುದುರೆಯ ಸಾರೋಟನ್ನೇ ಹೋಲುತ್ತಿತ್ತು. ೧೯೨೭ರಲ್ಲಿ ಎದುರಾಳಿಯಾದ ಜನರಲ್ ಮೋಟಾರ್ಸ್ ಕಂಪೆನಿಯು ಹಾರ್ಲಿ ಅರ್ಲ್ ಎಂಬಾತನ ಕೈಕೆಳಗೆ ಕಲೆಗೂ ಬಣ್ಣಕ್ಕೂ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಅಲ್ಲಿ ಬಿಸಿಮಾಡಿ ಮೆತುವಾಗಿಸಿದ ಮೇಣಮಿಶ್ರಿತ ಜೇಡಿಯಿಂದ ಗಾಡಿಯ ಪೂರ್ಣಪ್ರಮಾಣದ ಮಾದರಿಯನ್ನು ಮೆತ್ತಿ, ನಮ್ಮಲ್ಲಿ ಮಣ್ಣಿನ ಮೂರ್ತಿ ಮಾಡುವವರ ಹಾಗೆ ಕೆತ್ತಿ ತಿದ್ದುತ್ತಿದ್ದರು. ಕ್ರೈಸ್ಲರ್ ಕಂಪೆನಿಯಲ್ಲಿಯಾದರೋ ಬಹುಕಾಲ ಇಂಜಿನಿಯರರ ಮಾತೇ ಮೇಲು. ಕಲೆಗಾರರು ಅವರ ಅಧೀನರು.

ಆ ಇಂಜಿನಿಯರರಲ್ಲಿ ಕಾರ್ಲ್ ಬ್ರೀರ್ ಎಂಬವನೊಬ್ಬನು. ಗಾಡಿಯು ಗಾಳಿಯನ್ನು ಹೇಗೆ ಸೀಳಿಕೊಂಡು ಹೋಗುತ್ತದೆಂಬ ಪ್ರಶ್ನೆಯು ಆತನನ್ನು ಹಿಡಿಯಿತು. ವಿಮಾನವನ್ನು ಕಂಡುಹಿಡಿದ ಸೋದರರಲ್ಲೊಬ್ಬನಾದ ಆರ್ವಿಲ್ ರೈಟನ ಸಲಹೆಯನ್ನು ಪಡೆದು, ಗಾಳಿಯ ಸುರಂಗವನ್ನು ಕಟ್ಟಿಸಿ, ಮಾದರಿಗಳನ್ನು ಅದರಲ್ಲಿಟ್ಟು ಪರೀಕ್ಷಿಸಿದನು. ಆಗ ತಿಳಿದ ಸಂಗತಿಯು ನಗು ಬರಿಸತಕ್ಕದ್ದು: ಅಂದಿನ ಗಾಡಿಗಳು ಮುಂದಕ್ಕೆ ಓಡುವುದಕ್ಕಿಂತ ಹಿಂದುಮುಂದಾಗಿ ಓಡಿದರೇ ಗಾಳಿಯ ತಡೆ ಕಡಮೆ! ಈ ಶೋಧನೆಯ ಫಲವಾಗಿ ೧೯೩೪ರಲ್ಲಿ ‘ಏರ್‌ಫ್ಲೋ’ ಎಂಬ ಗಾಡಿಯು ಹೊರಬಂದಿತು. ಮೂಗು ದುಂಡಾಗಿ ಇಳಿಜಾರಾಗಿತ್ತು. ದೀಪಗಳು ಮೈಯೊಳಗೆ ಹುದುಗಿದ್ದವು. ಇನ್ನೂ ಮುಖ್ಯವಾದುದು ಕಣ್ಣಿಗೆ ಕಾಣದ ಮಾರ್ಪಾಡು. ಅದುವರೆಗೆ ಹಿಂದಿನ ಆಸನವು ಹಿಂಗಾಲಿಯ ಅಚ್ಚಿನ ಮೇಲೆಯೇ ಇದ್ದುದರಿಂದ, ಪ್ರತಿಯೊಂದು ಹಳ್ಳವೂ ಕುಳಿತವರ ಬೆನ್ನುಮೂಳೆಗೆ ತಿಳಿಯುತ್ತಿತ್ತು. ಬ್ರೀರನು ಯಂತ್ರವನ್ನು ಮುಂದಕ್ಕೆ ತಳ್ಳಿ, ಆಸನಗಳನ್ನು ಎರಡು ಅಚ್ಚುಗಳ ನಡುವೆ ತಂದಿರಿಸಿದನು, ಕುಲುಕು ತಗ್ಗಿತು.

ಇಷ್ಟಾದರೂ ಜನರು ಅದನ್ನು ಕೊಳ್ಳಲಿಲ್ಲ. ಕಾರ್ಖಾನೆಯಿಂದ ಗಾಡಿಗಳು ಬರುವುದು ತಡವಾಯಿತು. ಮೊದಲು ಬಂದವುಗಳಲ್ಲಿ ದೋಷಗಳಿದ್ದವು. ಅಷ್ಟರಲ್ಲಿ ಇಲ್ಲದ ಸುದ್ದಿಗಳೂ ಹಬ್ಬಿದವು. ಎಲ್ಲಕ್ಕಿಂತ ಮಿಗಿಲಾಗಿ, ಅದರ ಮುಖವು ಜನಕ್ಕೆ ಒಗ್ಗಲಿಲ್ಲ. ೧೯೩೭ರಲ್ಲಿ ಅದರ ತಯಾರಿಕೆ ನಿಂತಿತು. ಆದರೆ ಕೆಲವೇ ವರ್ಷಗಳಲ್ಲಿ ದೀಪಗಳು ಮೈಯೊಳಗೆ ಸೇರುವುದೂ, ಆಸನಗಳು ಅಚ್ಚುಗಳ ನಡುವೆ ಬರುವುದೂ ಎಲ್ಲ ಕಂಪೆನಿಗಳ ಪದ್ಧತಿಯಾದವು. ಬ್ರೀರನು ಹೇಳಿದುದು ಸರಿಯೇ. ಆದರೆ ನೋಡುವವರ ಕಣ್ಣನ್ನು ಜೊತೆಗೆ ಕರೆದುಕೊಂಡು ಹೋಗಲು ಆತನು ಮರೆತನೆಂದು ನಮಗೆ ತೋರುತ್ತದೆ.

ಏರ್‌ಫ್ಲೋ ಮಾರುಕಟ್ಟೆಯಲ್ಲಿದ್ದ ೧೯೩೫ರಲ್ಲಿಯೇ, ಎಪ್ಪತ್ತು ದಾಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ಉದ್ಯಮವನ್ನು ಅಭ್ಯಸಿಸಲು ಯೂರೋಪು ಅಮೆರಿಕಾಗಳಲ್ಲಿ ಸಂಚರಿಸಿದರು. ಕೆಂಗೇರಿಯ ಸಮೀಪದಲ್ಲಿ ಅವರ ಹೆಸರಿನ ಬಡಾವಣೆಯಲ್ಲಿ ವಾಸಿಸುವ ನಮ್ಮ ಎಷ್ಟೋ ಹೆಣ್ಣುಮಕ್ಕಳು ಕನ್ನಂಬಾಡಿ ಕಟ್ಟೆಯ ಸಂಗತಿಯನ್ನು ಬಲ್ಲರು. ಈ ಸಂಗತಿಯನ್ನು ಅರಿಯರು. ಭಾರತದಲ್ಲಿಯೇ ಗಾಡಿಗಳು ತಯಾರಾಗಬೇಕೆಂಬುದು ಅವರ ಹಂಬಲ. ಉದ್ಯಮಿ ವಾಲ್‌ಚಂದ್ ಹೀರಾಚಂದರು ಈ ಯೋಜನೆಯನ್ನು ಕೈಗೆತ್ತಿಕೊಂಡು ೧೯೪೦ರಲ್ಲಿ ಕ್ರೈಸ್ಲರ್ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ಲರ ಕಾಲದ ಮೈಸೂರು ಸರ್ಕಾರವು ನೆರವೀಯಲು ಸಿದ್ಧವಾಗಿತ್ತು. ಬ್ರಿಟಿಷ್ ಭಾರತ ಸರ್ಕಾರವು ಒಲಿಯಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ವಾಲ್‌ಚಂದರೂ ಮೈಸೂರು ಸರ್ಕಾರವೂ ಕೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದರು. ಮೋಟಾರು ಕಾರ್ಖಾನೆಯಾದರೋ ೧೯೪೪ರಲ್ಲಿ ‘ಪ್ರೀಮಿಯರ್’ ಎಂಬ ಹೆಸರಿನಿಂದ ಬೊಂಬಾಯಿಯ ಕುರ್ಲಾಕ್ಕೆ ಸಲ್ಲಿತು. ಮೈಸೂರು ರಸ್ತೆಯಲ್ಲಿ ಕೆಂಗೇರಿಯನ್ನು ದಾಟಿ ಬಿಡದಿಗೆ ಹೋದರೆ ಇಂದು ಟೊಯೋಟಾ ಕಾರ್ಖಾನೆಯನ್ನು ಕಾಣುತ್ತೇವೆ. ಅಲ್ಲಿಯ ಮೊದಲ ಗಾಡಿಗಳು ಮಾರುಕಟ್ಟೆಗೆ ಬಂದುದು ೨೦೦೦ದಲ್ಲಿ. ನಡುವಣ ಅರುವತ್ತು ವರ್ಷಗಳನ್ನು ಓದುಗರೇ ಎಣಿಸಿಕೊಳ್ಳಲಿ.

ಕುರ್ಲಾದಲ್ಲಿ ೧೯೪೭ರಿಂದ ಡಾಡ್ಜ್, ಪ್ಲಿಮತ್, ಡಿಸೋಟೋ ಎಂಬ ಗಾಡಿಗಳು ಜೋಡಣೆಯಾದವು. ಮೈಕಟ್ಟು ಬಹುಮಟ್ಟಿಗೆ ಒಂದೇ. ಮೂಗಿನ ಜಾಲರಿಯೂ ಹೆಸರಿನ ಫಲಕವೂ ಮಾತ್ರ ಬೇರೆ. ಅಮೆರಿಕಾದಲ್ಲಿ ಆಗ ಕಂಪೆನಿಯ ಮುಖ್ಯಸ್ಥನಾಗಿದ್ದ ಕೆಲ್ಲರನು, ಟೋಪಿ ಧರಿಸಿದ ಗೃಹಸ್ಥನು ಟೋಪಿಯನ್ನು ತೆಗೆಯದೆ ಒಳಗೆ ಕೂಡುವಂತಿರಬೇಕೆಂದು ಹಟ ಹಿಡಿದುದರಿಂದ ೧೯೪೯ರ ಗಾಡಿಗಳು ಎತ್ತರವಾಗಿ, ಚೌಕವಾಗಿ ಬಂದವು. ಅಲ್ಲಿನವರು ಅವುಗಳನ್ನು ಹಳೆಯ ಕಾಲದವೆಂದು ಹಾಸ್ಯಮಾಡಿದರು. ಮೈಸೂರು ಪೇಟವನ್ನು ಸುತ್ತುವ ನಮ್ಮ ಹಿರಿಯರಿಗೆ ಅವು ಹೇಳಿ ಮಾಡಿಸಿದಂತೆ ಇದ್ದಿರಬೇಕು.

ಆ ವರ್ಷವೇ ಕಂಪೆನಿಯನ್ನು ಸೇರಿದ ವರ್ಜಿಲ್ ಎಕ್ಸ್‌ನರನು ಇದೆಲ್ಲವನ್ನೂ ತಲೆಕೆಳಗು ಮಾಡಿದನು. ಇಟಲಿಯ ಟೂರಿನ್ ನಗರದ ಘಿಯಾ ಎಂಬ ಕಮ್ಮಟದಲ್ಲಿ ಮಾದರಿಗಳನ್ನು ಮಾಡಿಸಿ, ೧೯೫೫ರಲ್ಲಿ ಹೊಸ ರೂಪಗಳನ್ನು ತಂದನು. ೧೯೫೭ರಲ್ಲಿ ಗಾಡಿಗಳು ತಗ್ಗಾಗಿ, ನೀಳವಾಗಿ, ಹಿಂದುಗಡೆ ಮೀನಿನ ರೆಕ್ಕೆಗಳಂತಹ ಎರಡು ಎತ್ತರದ ಅಂಚುಗಳಿಂದ ಕೂಡಿ ಬಂದವು. ಜನರು ಮುಗಿಬಿದ್ದು ಕೊಂಡರು. ಆದರೆ ಆತುರದಿಂದ ಕಟ್ಟಿದ ಗಾಡಿಗಳಲ್ಲಿ ಮಳೆಯ ನೀರು ಸೋರಿತು, ಬೇಗನೆ ತುಕ್ಕು ಹಿಡಿಯಿತು. ಏರ್‌ಫ್ಲೋದಲ್ಲಿ ಒಳಗು ಗೆದ್ದು ಹೊರಗು ಸೋತಿತು. ಇಲ್ಲಿ ಹೊರಗು ಗೆದ್ದು ಒಳಗು ಸೋತಿತು. ೧೯೬೧ರಲ್ಲಿ ಎಕ್ಸ್‌ನರನು ತನ್ನ ಸ್ಥಾನವನ್ನು ಕಳೆದುಕೊಂಡನು.

ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಾದುದರಿಂದ ಮತ್ತೊಂದು ಗಾಡಿಯ ವಿಚಾರವನ್ನು ಬಿಡಲಾರೆವು. ೧೯೫೫ರಲ್ಲಿ ಇದೇ ಕಂಪೆನಿಯು ಸ್ತ್ರೀಯರಿಗಾಗಿಯೇ ಎಂದು ‘ಲಾ ಫಾಮ್’ ಎಂಬ ಡಾಡ್ಜ್ ಗಾಡಿಯನ್ನು ಮಾರಿತು. ಹೊರಗೆ ಗುಲಾಬಿ ಮತ್ತು ಬಿಳಿಯ ಬಣ್ಣ. ಒಳಗೆ ಗುಲಾಬಿ ಹೂವಿನ ನೆಯ್ಗೆಯ ಬಟ್ಟೆ. ಗಾಡಿಯೊಡನೆ ಕೈಚೀಲ, ಬಾಚಣಿಗೆ, ತುಟಿಬಣ್ಣದ ಡಬ್ಬಿ, ಮಳೆಯಂಗಿ, ಕೊಡೆ. ಯಂತ್ರವಾಗಲಿ ಮೈಕಟ್ಟಾಗಲಿ ಬದಲಾಗಲಿಲ್ಲ. ಎರಡೇ ವರ್ಷಗಳಲ್ಲಿ ಅದು ನಿಂತುಹೋಯಿತು. ಕೊಂಡವರು ಬಹಳ ಕಡಮೆ. ಅದೇ ಕಾಲದಲ್ಲಿ ಜನರಲ್ ಮೋಟಾರ್ಸಿನಲ್ಲಿ ಹಾರ್ಲಿ ಅರ್ಲನು ಕೆಲವು ಸ್ತ್ರೀಯರನ್ನೇ ರೂಪಕಾರರನ್ನಾಗಿ ನೇಮಿಸಿಕೊಂಡಿದ್ದನು. ೧೯೫೮ರ ಪ್ರದರ್ಶನದಲ್ಲಿ ಅವರು ತೋರಿಸಿದ ಸುಧಾರಣೆಗಳಲ್ಲಿ ತಾನಾಗಿ ಒಳಸೇರುವ ಆಸನಪಟ್ಟಿಯೂ, ಮಕ್ಕಳು ತೆರೆಯಲಾಗದ ಬಾಗಿಲ ಅಗುಳಿಯೂ ಇದ್ದವು. ಗುಲಾಬಿ ಕೊಡೆ ಇರಲಿಲ್ಲವೆಂದು ನಂಬುತ್ತೇವೆ. ಅರ್ಲನು ನಿವೃತ್ತನಾದ ಮೇಲೆ ಅವರಲ್ಲಿ ಹಲವರು ಆ ಕೆಲಸವನ್ನು ಬಿಡಬೇಕಾಯಿತು.

ಕುರ್ಲಾದ ಕಾರ್ಖಾನೆಯು ೧೯೫೦ರ ದಶಕದಲ್ಲಿ ಇಟಲಿಯ ಫಿಯಟ್ ಗಾಡಿಗಳತ್ತ ತಿರುಗಿತು. ೧೯೭೦ರ ದಶಕದಲ್ಲಿ ‘ಪದ್ಮಿನಿ’ಯೆಂದು ನಾಮಕರಣ ಹೊಂದಿದ ಆ ಗಾಡಿಯನ್ನು ವಿಜಯನಗರ, ಬಸವೇಶ್ವರನಗರಗಳ ನಮ್ಮ ಪೋಷಕರು ಮರೆತಿರಲಾರರು. ಅದರ ಹಿಂಬದಿಯ ಎರಡು ಮೂಲೆಗಳಲ್ಲಿ ಗೇಣುದ್ದವೂ ಏಳದ ರೆಕ್ಕೆಗಳಿದ್ದವು. ಅಮೆರಿಕಾದ ಆ ಹುಚ್ಚು ಕಡಲುಗಳನ್ನು ದಾಟಿ, ಬಡಕಲಾಗಿ ಬಂದು ನಮ್ಮ ಮನೆಯ ಮುಂದೆ ನಿಂತಿತ್ತು. ಬೊಂಬಾಯಿಯ ಕಡೆಯ ಪದ್ಮಿನಿ ಬಾಡಿಗೆ ಗಾಡಿಯು ರಸ್ತೆಯಿಂದ ನಿರ್ಗಮಿಸಿದುದು ೨೦೨೩ರ ಅಕ್ಟೋಬರಿನಲ್ಲಿ. ಕುರ್ಲಾದ ಒಂದೇ ಸೂರಿನ ಕೆಳಗೆ ಇದ್ದ ಕ್ರೈಸ್ಲರ್ ಮತ್ತು ಫಿಯಟ್ ಹೆಸರುಗಳು ಇಂದು ಸ್ಟೆಲಾಂಟಿಸ್ ಎಂಬ ಒಂದೇ ಸಂಸ್ಥೆಗೆ ಸೇರಿವೆ.

ನಮ್ಮ ತರಗತಿಯ ವಿಚಾರವನ್ನು ಪೂರ್ತಿ ಹೇಳಲಿಲ್ಲ. ಒಬ್ಬ ಬಾಲಿಕೆ ಮಾತ್ರ ಮೂರು ಪೆಟ್ಟಿಗೆಗಳನ್ನು ಬರೆಯದೆ, ಅಗಲವಾದ ಒಂದು ಬಾಗಿಲನ್ನೂ, ಅದರ ಬುಡದಲ್ಲಿ ಮೊಣಕಾಲೆತ್ತರಕ್ಕಿಂತ ತಗ್ಗಾದ ಮೆಟ್ಟಿಲನ್ನೂ, ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಸರಳನ್ನೂ ಬರೆದಿದ್ದಳು. ಗಾಡಿಯಂತೆ ಕಾಣುವುದಿಲ್ಲವೆಂದು ನಾವು ಅದಕ್ಕೆ ಹತ್ತಕ್ಕೆ ನಾಲ್ಕು ಅಂಕಗಳನ್ನು ಕೊಟ್ಟೆವು. ಕೇಳಿದಾಗ, “ನಮ್ಮ ಅಜ್ಜಿಗೆ ಮಂಡಿನೋವು ಮಿಸ್, ಹತ್ತೋಕೆ ಆಗಲ್ಲ” ಎಂದಳು. ಈ ಲೇಖನಕ್ಕಾಗಿ ಓದುತ್ತ ಲಾ ಫಾಮ್ ಗಾಡಿಯ ಸಂಗತಿಗೆ ಬಂದ ದಿನ ಆ ಹಾಳೆಯನ್ನು ಹುಡುಕಿ ತೆಗೆದು ಅಂಕವನ್ನು ತಿದ್ದಿದೆವು.