ದೊಡ್ಡವರ ಬಲಗೈ ಆಗುವವರಿಗೆ: ಹೊನ್ನಾವರದ ತಿಮ್ಮೋಜನಿಂದ ಆರು ಸೂತ್ರಗಳು

ಭಟ್ಕಳದ ಅಂಗಡಿಯಲ್ಲಿ ಧಣಿಯ ನಂಬಿಗಸ್ತ, ಕುಮಟಾದ ಸೊಸೈಟಿಯಲ್ಲಿ ಅಧ್ಯಕ್ಷರ ಬಲಗೈ, ಹೊನ್ನಾವರದ ಬಂದರಿನಲ್ಲಿ ಬೋಟ್ ಮಾಲೀಕನ ಆಪ್ತ. ದೊಡ್ಡವರ ಕೃಪೆಯಿಂದ ಮೇಲೇರುವವರು ಊರೂರಲ್ಲೂ ಇದ್ದಾರೆ. ಅದು ತಪ್ಪಲ್ಲ. ಆದರೆ ಆ ದಾರಿ ಹಿಡಿದವರು ಐನೂರು ವರ್ಷದ ಹಿಂದಿನ ಹೊನ್ನಾವರದ ನೌಕಾನಾಯಕ ತಿಮ್ಮೋಜನ ಕಥೆ ತಿಳಿದಿರಬೇಕು.

1. ಬೇರೆಯವರಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಿರಲಿ.
ಶರಾವತಿಯ ಅಳಿವೆಯಲ್ಲಿ ಮರಳದಿಬ್ಬ ಒಂದೇ ಕಡೆ ನಿಲ್ಲುವುದಿಲ್ಲ. ಇಂದಿಗೂ ಬೋಟಿನವರು ಭರತ ನೋಡಿಕೊಂಡೇ ಒಳಬರುತ್ತಾರೆ. ಇಂಥ ನೀರಿನಲ್ಲಿ ಪಳಗಿದವನು ತಿಮ್ಮೋಜ. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಕೆಂಪು ಸಮುದ್ರಕ್ಕೆಂದು ಹೊರಟಿದ್ದ. ತಿಮ್ಮೋಜ ಅವನನ್ನು ಕಂಡು, ಅಷ್ಟು ದೂರ ಯಾಕೆ, ಮೊದಲು ಗೋವೆ ಹಿಡಿಯಿರಿ ಎಂದ. ಕೋಟೆಯ ಒಳಹೊರಗು ಅವನಿಗೆ ತಿಳಿದಿತ್ತು. ಫೆಬ್ರವರಿಯಲ್ಲಿ ಗೋವೆ ಕೈಗೆ ಬಂತು, ಮೇ ತಿಂಗಳಲ್ಲಿ ತಪ್ಪಿತು, ನವೆಂಬರ್ 25ರಂದು ಮತ್ತೆ ಪೋರ್ಚುಗೀಸರದಾಯಿತು.

2. ಕೊಡುವುದೇನೆಂದು ಕೆಲಸಕ್ಕೆ ಮೊದಲೇ ಮಾತಾಡಿ.
ವರ್ಷಕ್ಕಿಷ್ಟು ಕಪ್ಪ ಕಟ್ಟಿ ಗೋವೆಯನ್ನು ತಾನೇ ಆಳಬಹುದೆಂದು ತಿಮ್ಮೋಜ ನಂಬಿದ್ದ. ಸಿಕ್ಕಿದ್ದು ಒಂದು ಅಧಿಕಾರ, ಕಂದಾಯ ಎತ್ತುವ ಗುತ್ತಿಗೆ. ಗೆದ್ದ ಮೇಲೆ ಚೌಕಾಸಿಗೆ ಕೂತವನ ಕೈಯಲ್ಲಿ ಏನೂ ಇರುವುದಿಲ್ಲ.

3. ಕುರ್ಚಿ ಕೊಟ್ಟ ಕೈ ಅದನ್ನು ಎಳೆದುಕೊಳ್ಳಲೂಬಹುದು.
ಕಂದಾಯದ ಆ ಜಾಗಕ್ಕೆ ಹೊನ್ನಾವರದ ಅರಸುಮನೆತನದ ಮಲ್ಹಾರರಾವ್ ಬಂದ. 1511ರಲ್ಲಿ ಬಿಜಾಪುರದ ಪಡೆಯ ಎದುರು ಸೋತು ತಿಮ್ಮೋಜ ವಿಜಯನಗರಕ್ಕೆ ಓಡಿದ, ಅಲ್ಲೇ ತೀರಿಕೊಂಡ. ಯುರೋಪಿನಲ್ಲೂ ಹೀಗೇ ಆಗಿದೆ. ಫ್ರಾನ್ಸಿನ ರಾಜಮಾತೆಯ ಆಪ್ತ ಕೊಂಚಿನಿಯನ್ನು 1617ರಲ್ಲಿ ಲೂವ್ರ್ ಅರಮನೆಯ ಬಾಗಿಲಲ್ಲೇ, ಎಳೆಯ ರಾಜನ ಒಪ್ಪಿಗೆಯಿಂದಲೇ ಗುಂಡಿಟ್ಟು ಕೊಂದರು.

4. ಹೊರಗೆ ಹೋಗುವ ಬಾಗಿಲನ್ನು ಮೊದಲೇ ನೋಡಿಟ್ಟುಕೊಳ್ಳಿ.
ಸ್ಪೇನಿನ ರಾಜನ ಆಪ್ತ ಲೆರ್ಮಾ ಡ್ಯೂಕ್ 1618ರಲ್ಲಿ, ಅಧಿಕಾರದಿಂದ ಬೀಳುವ ಸ್ವಲ್ಪ ಮೊದಲು, ಪೋಪರಿಂದ ಕಾರ್ಡಿನಲ್ ಪದವಿ ಪಡೆದ. ಅಧಿಕಾರ ಹೋಯಿತು, ಚರ್ಚಿನ ಆ ಪದವಿಯ ರಕ್ಷಣೆಯಿಂದ ತಲೆ ಉಳಿಯಿತು.

5. ಧಣಿಗೂ ಮೇಲೊಬ್ಬ ಧಣಿ ಇದ್ದಾನೆ.
1515ರಲ್ಲಿ ಹೋರ್ಮುಜ್‌ನಿಂದ ಮರಳುವಾಗ ಅಲ್ಬುಕರ್ಕನಿಗೆ ಸುದ್ದಿ ಬಂತು: ಪೋರ್ಚುಗಲ್ಲಿನ ರಾಜ ಅವನ ಜಾಗಕ್ಕೆ ಬೇರೆಯವನನ್ನು ಕಳಿಸಿದ್ದಾನೆ. ಗೋವೆ ಕಾಣುವಷ್ಟು ಹತ್ತಿರ ಬಂದು ಹಡಗಿನಲ್ಲೇ ಪ್ರಾಣ ಬಿಟ್ಟ. ತಿಮ್ಮೋಜ ನೆಚ್ಚಿದ್ದ ಮರವೂ ಇನ್ನೊಬ್ಬರ ಹೊಲದಲ್ಲಿತ್ತು.

6. ಕೃಪೆ ಇರುವಾಗಲೇ ಸ್ವಂತದ್ದೊಂದು ಕಟ್ಟಿ.
ಅದು ಮನೆಯೇ ಆಗಬೇಕಿಲ್ಲ. ಕೈಕಸುಬು, ಚಿಕ್ಕ ಅಂಗಡಿ, ನಾಲ್ಕು ಜನರ ವಿಶ್ವಾಸ ಯಾವುದಾದರೂ ಸರಿ. ಭಟ್ಕಳಕ್ಕೆ ಹೋದರೆ ಖೇತಪೈ ನಾರಾಯಣ ದೇವಸ್ಥಾನ ನೋಡಿ ಬನ್ನಿ. 16ನೇ ಶತಮಾನದ್ದು. ಮಳೆನೀರು ಜಾರಿಹೋಗಲೆಂದು ಇಳಿಜಾರಾಗಿ ಹೊದಿಸಿದ ಕಲ್ಲುಚಪ್ಪಡಿಯ ಮಾಡು, ಗೋಡೆಯ ಮೇಲೆ ರಾಮಾಯಣದ ಮೂರ್ತಿಗಳು. ಆ ಕಾಲದಲ್ಲಿ ಈ ಕರಾವಳಿಗೆ ಒಡೆಯರಾಗಿದ್ದವರ ಸಿಂಹಾಸನಗಳು ಒಂದೂ ಉಳಿದಿಲ್ಲ; ಕಟ್ಟಿಸಿದವನ ಹೆಸರಿನಲ್ಲೇ ಈ ಗುಡಿ ನಿಂತಿದೆ.