ಜಗಳ ಕೊಲೆಯಾಗುವ ಮೊದಲು

ಕೊಲೆಯ ಸುದ್ದಿ ಓದಿದ ಕೂಡಲೇ ‘ಗಲ್ಲಿಗೇರಿಸಿ’ ಎಂದು ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟು ಮುಂದಿನ ಕೊಲೆಯನ್ನು ತಡೆಯುತ್ತದೆಯೇ ಎಂದು ಯೋಚಿಸಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ 28,522 ಕೊಲೆ ಪ್ರಕರಣಗಳ ಪೈಕಿ 9,962ಕ್ಕೆ ಕಾರಣ ಜಗಳ, ತಕರಾರು. ವೈಯಕ್ತಿಕ ದ್ವೇಷದ್ದು ಎರಡನೇ ಸ್ಥಾನ. ಹಣದಾಸೆ ಅದರ ನಂತರ. ಗದ್ದೆಯ ಬದುವಿನದೋ ಮನೆಯೊಳಗಿನದೋ, ಇಂಥ ಜಗಳ ಮಚ್ಚು ಹಿಡಿಯುವ ಹೊತ್ತಿಗೆ ಸಾಮಾನ್ಯವಾಗಿ ನೆರೆಹೊರೆಗೆಲ್ಲ ಗೊತ್ತಿರುತ್ತದೆ. ಕುಡಿತ ಸೇರಿದರೆ ಅದು ಬೇಗ ಕೈಮೀರುತ್ತದೆ. ಸಿಟ್ಟು ನೆತ್ತಿಗೇರಿದವನು ಶಿಕ್ಷೆಯ ಲೆಕ್ಕ ಹಾಕುತ್ತಾ ಕೂರುವುದಿಲ್ಲ.

ಹಾಗಾದರೆ ಪೊಲೀಸರು, ಕಾನೂನು ಬೇಡವೇ? ಖಂಡಿತ ಬೇಕು. ಚಾಕು ಇರಿತಕ್ಕೆ ಕುಖ್ಯಾತವಾಗಿದ್ದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 2005ರಲ್ಲಿ ಪೊಲೀಸರೇ ಹಿಂಸೆ ತಗ್ಗಿಸುವ ಘಟಕ ತೆರೆದು, ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಕಂಡರು. ಗುಂಪು ಕಟ್ಟಿದ ಹುಡುಗರಿಗೆ ಎಚ್ಚರಿಕೆಯ ಜೊತೆಗೆ ಕೆಲಸದ ದಾರಿಯನ್ನೂ ತೋರಿಸಿದರು. ಮುಂದಿನ ಹತ್ತು ವರ್ಷಗಳಲ್ಲಿ ಸ್ಕಾಟ್ಲೆಂಡಿನ ಕೊಲೆಗಳು ಸುಮಾರು ಅರ್ಧಕ್ಕಿಳಿದವು. ಅದೇ ಅವಧಿಯಲ್ಲಿ ಚಾಕು ಒಯ್ಯುವವರಿಗೆ ಶಿಕ್ಷೆಯೂ ಹೆಚ್ಚಿತ್ತಲ್ಲ ಎಂದು ಆಕ್ಷೇಪಿಸಬಹುದು. ನಿಜ, ಶ್ರೇಯಸ್ಸೆಲ್ಲ ಒಂದೇ ಘಟಕದ್ದಲ್ಲ. ಆದರೂ ಶಿಕ್ಷೆ ಮತ್ತು ತಡೆ ಒಟ್ಟಿಗೆ ನಡೆಯಬಲ್ಲವು ಎಂಬುದಂತೂ ಸ್ಪಷ್ಟ. ಆದ್ದರಿಂದ ಪಕ್ಕದ ಮನೆಯ ಬೆದರಿಕೆ, ಹೊಡೆತಗಳನ್ನು ‘ಅವರವರ ವಿಷಯ’ವೆಂದು ಬಿಡಬೇಡಿ, 112ಕ್ಕೆ ಕರೆ ಮಾಡಿ. ಆಸ್ತಿ ತಕರಾರು ಬಿಸಿಯೇರುವ ಮೊದಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತಟ್ಟುವಂತೆ ನಿಮ್ಮವರಿಗೆ ಹೇಳಿ.